ಹುಲ್ಲು ತೂಗಿ ನೋಡುವ ಹೊತ್ತು

2025ರ ಸೆಪ್ಟೆಂಬರ್ ಕೊನೆಯಲ್ಲಿ ಸೀನಾ ನದಿ ದಂಡೆ ಮೀರಿದಾಗ ಸೊಲ್ಲಾಪುರ ಜಿಲ್ಲೆಯ ಮಾಢಾ, ಮೋಹೋಳ ಭಾಗದ ಹಳ್ಳಿಗಳೊಳಗೆ ನೀರು ನಿಂತಿತು. ಕೈಗೆ ಬಂದ ಬೆಳೆ ಕೊಳೆಯಿತು, ದನಕರು ಕೊಚ್ಚಿಹೋದವು, ಸೊಲ್ಲಾಪುರ–ಪುಣೆ ಹೆದ್ದಾರಿಯ ಸಂಚಾರವೂ ನಿಂತಿತು. ಬರಗಾಲದ ಜಿಲ್ಲೆಯೆಂದೇ ಹೆಸರಾದ ನೆಲಕ್ಕೆ ನೀರೇ ವೈರಿಯಾಯಿತು. ಆ ನೋವು ಆರುವ ಮೊದಲೇ ಬೆಂಕಿಯ ಮಾತೆತ್ತಿದರೆ ಕೇಳುವವರಿಗೆ ವಿಚಿತ್ರ ಅನಿಸಬಹುದು. ಆದರೂ ಎತ್ತಲೇಬೇಕು. ಯಾಕೆಂದರೆ ಆ ಮಳೆಯೇ ಈ ಬೇಸಿಗೆಯ ಬೆಂಕಿಗೆ ಮೇವು ಬೆಳೆಸಿಟ್ಟು ಹೋಗಿದೆ.

ಮಲೆನಾಡಿನವರಿಗೆ ಈ ಲೆಕ್ಕ ತಿರುಗುಮುರುಗಾಗಿ ಕಾಣುತ್ತದೆ. ಅಲ್ಲಿ ಮಳೆ ಕೈಕೊಟ್ಟ ವರ್ಷ ಕಾಡು ಉರಿಯುತ್ತದೆ. ತರಗೆಲೆ, ಬಿದಿರು, ಬಿದ್ದ ಮರ ಎಲ್ಲವೂ ಅಲ್ಲಿ ಮೊದಲೇ ಇರುತ್ತವೆ, ಅವು ಒಣಗುವುದಷ್ಟೇ ಬಾಕಿ. ಸೊಲ್ಲಾಪುರ, ಅಕ್ಕಲಕೋಟೆಯ ಮಡ್ಡಿಗಳ, ಅಂದರೆ ಬಯಲು ಹುಲ್ಲುನೆಲದ, ಕತೆ ಬೇರೆ. ಬಿಸಿಲು ಇಲ್ಲಿ ಎಂದೂ ಕೊರತೆ ಮಾಡಿಲ್ಲ, ಉರಿಯುವುದಕ್ಕೆ ಹುಲ್ಲೇ ಇರುವುದಿಲ್ಲ. ಬರ ಬಿದ್ದರೆ ಗೇಣುದ್ದ ಬಂದದ್ದನ್ನೂ ಕುರಿ, ಆಡು ಮೇಯ್ದು ಮುಗಿಸುತ್ತವೆ, ನೆಲ ಬೋಳಾಗುತ್ತದೆ, ಬೋಳು ನೆಲದಲ್ಲಿ ಕಿಚ್ಚು ಹತ್ತು ಹೆಜ್ಜೆ ಹೋಗಿ ಸಾಯುತ್ತದೆ. ಮಳೆ ತುಂಬಿ ಸುರಿದ ವರ್ಷ ಮಾತ್ರ ಹುಲ್ಲು ಮೊಣಕಾಲು ದಾಟಿ ಬೆಳೆಯುತ್ತದೆ, ಮೇಯ್ದರೂ ಉಳಿಯುತ್ತದೆ, ಶಿವರಾತ್ರಿಯ ಹೊತ್ತಿಗೆ ಮಡ್ಡಿಯುದ್ದಕ್ಕೂ ಒಂದೇ ಹಾಸಾಗಿ ಒಣಗಿ ನಿಲ್ಲುತ್ತದೆ. ಆಗ ಒಂದು ಕಿಡಿ ಸಾಕು.

ಸೊಲ್ಲಾಪುರ ನಗರದಿಂದ ಉತ್ತರಕ್ಕೆ ಇಪ್ಪತ್ತು ಕಿಲೋಮೀಟರಿನಷ್ಟು ದೂರದಲ್ಲಿ ನಾನ್ನಜ ಇದೆ. ಮರಾಠಿಯಲ್ಲಿ ಮಾಳಢೋಕ, ನಮ್ಮಲ್ಲಿ ಎರೆಭೂತ, ಹೆಬ್ಬಕ ಎಂದು ಕರೆಯುವ ಹಕ್ಕಿಗಾಗಿ 1979ರಲ್ಲಿ ಇಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಆಗ ಅದರ ವಿಸ್ತಾರ 8,496 ಚದರ ಕಿಲೋಮೀಟರ್, ಊರು, ಹೊಲ, ರಸ್ತೆ ಎಲ್ಲವನ್ನೂ ಒಳಗೊಂಡ ಗೆರೆ ಅದು. ಮುಂದೆ ಅದನ್ನು 1,222 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಹಕ್ಕಿ ಈಗ ಇಲ್ಲಿ ಕಾಣುವುದೇ ಅಪರೂಪ. ಆದರೆ ಅದರ ಹೆಸರಿನಲ್ಲಿ ಉಳಿದ ಹುಲ್ಲಿನ ತುಂಡುಗಳಲ್ಲಿ ಚಿಗರಿ ಇದೆ, ತೋಳ ಇದೆ, ನೆಲದ ಮೇಲೆ ಮೊಟ್ಟೆ ಇಡುವ ಹತ್ತಾರು ಬಗೆಯ ಹಕ್ಕಿಗಳಿವೆ. ತೋಳ ಮರಿ ಹಾಕುವುದು ಚಳಿಗಾಲದಲ್ಲಿ. ಹುಲ್ಲು ಪೂರ್ತಿ ಒಣಗುವ ಫೆಬ್ರುವರಿಯಲ್ಲಿ ಮರಿಗಳು ಇನ್ನೂ ಬಿಲದ ಬಾಯಲ್ಲೇ ಆಡುತ್ತಿರುತ್ತವೆ. ಚಿಗರಿ ಓಡಿ ಬದುಕುತ್ತದೆ, ಮರಿ ಓಡಲಾರದು.

ಜಿಲ್ಲೆಯ ಸುಮಾರು 14,900 ಚದರ ಕಿಲೋಮೀಟರ್ ನೆಲದಲ್ಲಿ ಅರಣ್ಯದ ಹೊದಿಕೆ ಎಂದು ಲೆಕ್ಕಕ್ಕೆ ಬರುವುದು ಶೇ 1ಕ್ಕೂ ಕಡಿಮೆ. ಈ ಒಂದು ಅಂಕಿಯೇ ನಮ್ಮ ಮುಖ್ಯ ತೊಂದರೆ. ಮರ ಇದ್ದರೆ ಕಾಡು, ಇಲ್ಲದಿದ್ದರೆ ಪಡಾ ಜಮೀನು ಎಂಬ ಹಳೆಯ ತಿಳಿವಳಿಕೆ ಸರ್ಕಾರದ ನಕಾಶೆಗಳಲ್ಲಿ ಇಂದಿಗೂ ಇದೆ. ಹುಲ್ಲುಗಾವಲಿನ ಬಹುಪಾಲು ಕಂದಾಯ ದಾಖಲೆಯಲ್ಲಿ ಗಾಯರಾಣ (ಗೋಮಾಳ), ಇಲ್ಲವೇ ಪಾಳು. ಹೀಗಾಗಿ ಬೆಂಕಿ ಬಿದ್ದಾಗ ಯಾರ ಕೆಲಸ ಎಂಬ ಪ್ರಶ್ನೆಯಲ್ಲೇ ಅರ್ಧ ತಾಸು ಹೋಗುತ್ತದೆ. ಒಣ ಹುಲ್ಲಿನ ಬೆಂಕಿಗೆ ಅರ್ಧ ತಾಸು ಬಹಳವಾಯಿತು.

ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆ 2004ರಿಂದ ಉಪಗ್ರಹದ ಮೂಲಕ ಕಾಡ್ಗಿಚ್ಚಿನ ಸಂದೇಶ ಕಳಿಸುತ್ತಿದೆ. ಮೊದಲು ಮೋಡಿಸ್ ಎಂಬ ಉಪಕರಣ, ಅದರ ಒಂದು ಚುಕ್ಕೆ ಎಂದರೆ ನೆಲದ ಮೇಲೆ 1 ಕಿಲೋಮೀಟರ್. ನಂತರ ಬಂದ ವಿಯರ್ಸ್‌ನ ಚುಕ್ಕೆ 375 ಮೀಟರ್. ಇದು ದೊಡ್ಡ ಕೆಲಸ, ಅದರ ಬಗ್ಗೆ ನಮಗೆ ಗೌರವವಿದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಸುಮಾರು 4,400 ಹೆಕ್ಟೇರ್ ಸುಟ್ಟದ್ದನ್ನು ಅಳೆದು ಹೇಳಿದ್ದೂ ಉಪಗ್ರಹದ ಚಿತ್ರಗಳೇ. ಆದರೆ ಈ ವ್ಯವಸ್ಥೆ ಹುಟ್ಟಿದ್ದು ಕಾಡಿಗಾಗಿ. ಅರಣ್ಯದ ಗಡಿಯೊಳಗೆ ಬಿದ್ದ ಬಿಸಿ ಚುಕ್ಕೆಗಷ್ಟೇ ಅದು ಸಂದೇಶ ಕಳಿಸುತ್ತದೆ. ಗಾಯರಾಣದ ಹುಲ್ಲು ಉರಿದರೆ ಅದಕ್ಕೆ ಲೆಕ್ಕವಿಲ್ಲ.

ಹೊತ್ತಿನ ತೊಡಕೂ ಇದೆ. ವಿಯರ್ಸ್ ಹೊತ್ತ ಉಪಗ್ರಹಗಳು ನಮ್ಮ ತಲೆಯ ಮೇಲೆ ಹಾಯುವುದು ಮಧ್ಯಾಹ್ನ ಒಂದೂವರೆಯ ಆಸುಪಾಸು, ಮತ್ತೆ ರಾತ್ರಿ ಒಂದೂವರೆಯ ಆಸುಪಾಸು. ಕಾಡಿನ ಬೆಂಕಿ ದಿನಗಟ್ಟಲೆ ಇರುತ್ತದೆ, ಒಂದು ಸಲ ತಪ್ಪಿದರೆ ಇನ್ನೊಂದು ಸಲ ಸಿಕ್ಕುತ್ತದೆ. ಮಡ್ಡಿಯ ಬೆಂಕಿ ಮೂರಕ್ಕೆ ಹತ್ತಿ, ಗಾಳಿಗೆ ಓಡಿ, ದೀಪ ಹಚ್ಚುವ ಹೊತ್ತಿಗೆ ಮುಗಿದೇ ಹೋಗಿರುತ್ತದೆ. ರಾತ್ರಿ ಉಪಗ್ರಹ ಬಂದಾಗ ಅಲ್ಲಿ ಬಿಸಿ ಬೂದಿಯೂ ಇರುವುದಿಲ್ಲ. ಭೂಸ್ಥಿರ ಉಪಗ್ರಹ ಅರ್ಧ ತಾಸಿಗೊಮ್ಮೆ ನೋಡುತ್ತದೆ ನಿಜ, ಆದರೆ ಇನ್ಸಾಟ್-3ಡಿ ಸರಣಿಯ ಬೆಂಕಿ ಗುರುತಿಸುವ ಕಣ್ಣಿಗೆ ಒಂದು ಚುಕ್ಕೆ ಎಂದರೆ 4 ಕಿಲೋಮೀಟರ್. ನಾನ್ನಜದ ಎಷ್ಟೋ ಹುಲ್ಲಿನ ತುಂಡುಗಳು ಆ ಚುಕ್ಕೆಗಿಂತ ಚಿಕ್ಕವು.

ಮೂರನೆಯ ತೊಡಕು ಕಬ್ಬು. ಜಿಲ್ಲೆಯಲ್ಲಿ ಸಕ್ಕರೆ ಕಾರ್ಖಾನೆಗಳು ಮೂವತ್ತಕ್ಕೂ ಹೆಚ್ಚು. ಕಬ್ಬು ಕಡಿಯುವ ಹಂಗಾಮು ನಡೆಯುವುದು ಹುಲ್ಲು ಒಣಗುವ ತಿಂಗಳುಗಳಲ್ಲೇ. ಕಡಿದ ಮೇಲೆ ಉಳಿದ ರವದಿಗೆ ಬೆಂಕಿ ಇಡುವುದು ರೂಢಿ. ಕೆಲವೆಡೆ ಕೂಲಿಯಾಳು ಸಾಲದೆ ನಿಂತ ಕಬ್ಬಿಗೇ ಹಚ್ಚಿ ಕಡಿಯುತ್ತಾರೆ. ತಂತಿ ತಾಗಿ ತಾನಾಗಿ ಹೊತ್ತುವ ಗದ್ದೆಗಳೂ ಇವೆ. ಮೇಲಿನಿಂದ ನೋಡುವ ಉಪಗ್ರಹಕ್ಕೆ ರವದಿಯ ಬೆಂಕಿ, ಮಡ್ಡಿಯ ಬೆಂಕಿ ಎರಡೂ ಒಂದೇ ಬಿಸಿ. ನಾಸಾದ ಫರ್ಮ್ಸ್ ಎಂಬ ಉಚಿತ ನಕಾಶೆ ತೆರೆದರೆ ಹಂಗಾಮಿನಲ್ಲಿ ಇಡೀ ಪ್ರದೇಶ ಕೆಂಪು ಚುಕ್ಕೆಗಳಿಂದ ತುಂಬಿರುತ್ತದೆ. ಅದರಲ್ಲಿ ಯಾವುದು ರೈತ ನಿಂತು ಕಾಯುತ್ತಿರುವ ಬೆಂಕಿ, ಯಾವುದು ಬದು ದಾಟಿ ಹುಲ್ಲಿಗೆ ಹೊಕ್ಕ ಬೆಂಕಿ ಎಂಬುದನ್ನು ಹೇಳಬಲ್ಲವನು ಆ ಊರಿನವನು ಮಾತ್ರ.

ಇದನ್ನೆಲ್ಲ ಹೇಳುವುದು ಉಪಗ್ರಹ ಬೇಡವೆಂದಲ್ಲ. ಬೆಂಕಿ ಹತ್ತಿದ ಮೇಲೆ ಬರುವ ಸಂದೇಶವನ್ನು ನಾವು ಮುನ್ನೆಚ್ಚರಿಕೆ ಎಂದು ಕರೆಯುತ್ತಿದ್ದೇವೆ, ಅದು ತಪ್ಪು. ಹತ್ತಿದ ಮೇಲೆ ಬಂದದ್ದು ಸುದ್ದಿ. ಮುನ್ನೆಚ್ಚರಿಕೆ ಎಂದರೆ ಯಾವ ಮಡ್ಡಿ, ಯಾವ ವಾರ, ಎಷ್ಟು ಜೋರಾಗಿ ಉರಿಯಬಲ್ಲದು ಎಂದು ಕಿಡಿಗೆ ಮೊದಲೇ ಹೇಳುವುದು. ಅರಣ್ಯ ಸರ್ವೇಕ್ಷಣ ಸಂಸ್ಥೆ ಹವಾಮಾನದ ಆಧಾರದಲ್ಲಿ ಅಪಾಯದ ಮುನ್ಸೂಚನೆಯನ್ನೂ ಕೊಡತೊಡಗಿದೆ, ಒಳ್ಳೆಯದು. ಆದರೆ ಅದು ಕಾಣುವುದು ಗಾಳಿ, ಬಿಸಿಲು, ತೇವವನ್ನು. ನೆಲದ ಮೇಲೆ ಹುಲ್ಲು ಎಷ್ಟಿದೆ, ಎಷ್ಟು ಒಣಗಿದೆ ಎಂಬುದನ್ನು ನೆಲದ ಮೇಲೆ ನಿಂತೇ ಅಳೆಯಬೇಕು. ಆ ಅಳತೆಗೆ ಬೇಕಾದದ್ದು ಒಂದು ಕುಡುಗೋಲು, ಒಂದು ತಕ್ಕಡಿ, ಒಂದು ಒಲೆ.

ವಿಧಾನ ಸರಳ. ಉದ್ದ, ಅಗಲ ಒಂದೊಂದು ಮೀಟರಿನ ಚೌಕಟ್ಟನ್ನು ಮಡ್ಡಿಯ ಮೇಲೆ ಕಣ್ಣಳತೆಗೆ ಸಿಗದ ಹಾಗೆ ಎಲ್ಲೆಂದರಲ್ಲಿ ಇಡಬೇಕು. ಚೆನ್ನಾಗಿ ಬೆಳೆದ ಜಾಗವನ್ನೇ ಆರಿಸಿದರೆ ಅಳತೆ ಸುಳ್ಳಾಗುತ್ತದೆ. ಒಳಗಿನ ಹುಲ್ಲನ್ನು ಬುಡದವರೆಗೆ ಕೊಯ್ದು, ಚೀಲಕ್ಕೆ ತುಂಬಿ, ಬಾಯಿ ಬಿಗಿದು ಆಗಲೇ ತೂಗಬೇಕು. ಆಮೇಲೆ ಪ್ರಯೋಗಾಲಯದ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಬೇಕು. 150 ಗ್ರಾಂ ಇದ್ದದ್ದು 100 ಗ್ರಾಮಿಗೆ ಇಳಿದರೆ ತೇವ ಶೇ 50. 110 ಇದ್ದದ್ದು 100ಕ್ಕೆ ಇಳಿದರೆ ಶೇ 10, ಅಂದರೆ ಮಡ್ಡಿ ಸಿದ್ಧವಾಗಿ ಕೂತಿದೆ ಎಂದು ಅರ್ಥ. ಒಣ ತೂಕದಿಂದ ಎಕರೆಗೆ ಎಷ್ಟು ಉರುವಲು ಇದೆ ಎಂಬುದೂ ಗೊತ್ತಾಗುತ್ತದೆ. ಸತ್ತ ಹುಲ್ಲು ಗಾಳಿಯ ತೇವಕ್ಕೆ ಒಂದು ತಾಸಿನೊಳಗೆ ಹೊಂದಿಕೊಳ್ಳುತ್ತದೆ. ಬೆಳಿಗ್ಗೆ ಇಬ್ಬನಿಗೆ ಮೆತ್ತಗಿದ್ದ ಹುಲ್ಲೇ ಮಧ್ಯಾಹ್ನಕ್ಕೆ ಕಾಗದದಂತೆ ಹತ್ತಿಕೊಳ್ಳುತ್ತದೆ. ಅದಕ್ಕೇ ಒಂದೇ ಮಡ್ಡಿಯನ್ನು ಬೆಳಿಗ್ಗೆಯೂ ಮಧ್ಯಾಹ್ನವೂ ಅಳೆಯಬೇಕು.

ಒಲೆ, ತಕ್ಕಡಿ ಇಲ್ಲದವರೂ ಅಳೆಯಬಹುದು. ಆಸ್ಟ್ರೇಲಿಯಾದಲ್ಲಿ ಹುಲ್ಲಿನ ಬೆಂಕಿಯನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು ಕಂಡುಕೊಂಡ ಮಾತು ಹೀಗೆ: ಹುಲ್ಲಿನ ಅರ್ಧಕ್ಕಿಂತ ಹೆಚ್ಚು ಪಾಲು ಹಳದಿಯಾಗುವವರೆಗೆ ಬೆಂಕಿ ಸರಾಗವಾಗಿ ಹರಡುವುದಿಲ್ಲ, ಪೂರ್ತಿ ಒಣಗಿದ ಮೇಲೆ ಗಾಳಿ ಎಷ್ಟು ಓಡಿಸಿದರೂ ಓಡುತ್ತದೆ. ವಿಕ್ಟೋರಿಯಾ ರಾಜ್ಯದಲ್ಲಿ ಅಗ್ನಿಶಾಮಕ ಸ್ವಯಂಸೇವಕರು ಹಂಗಾಮಿನಲ್ಲಿ ವಾರವಾರ ತಮ್ಮ ಊರಿನ ಹುಲ್ಲು ನೂರಕ್ಕೆ ಎಷ್ಟು ಒಣಗಿದೆ ಎಂದು ನೋಡಿ ಕಳಿಸುತ್ತಾರೆ. ಅದನ್ನು ಉಪಗ್ರಹದ ಚಿತ್ರಕ್ಕೆ ಹೊಂದಿಸಿ ರಾಜ್ಯದ ನಕಾಶೆ ತಯಾರಾಗುತ್ತದೆ. ನಮ್ಮಲ್ಲಿ ಈ ಕೆಲಸಕ್ಕೆ ಕುರುಬರಿಗಿಂತ ಬಲ್ಲವರು ಯಾರು? ಯಾವ ಮಡ್ಡಿಯ ಯಾವ ಇಳಿಜಾರಿನಲ್ಲಿ ಹಸಿರು ಎಷ್ಟು ದಿನ ಉಳಿಯುತ್ತದೆ, ಧೋತರಕ್ಕೆ ಚುಚ್ಚಿಕೊಳ್ಳುವ ಕುಸಳಿ ಹುಲ್ಲು ಯಾವಾಗ ಮುಳ್ಳು ಬಿಡುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಅವರು ಹೇಳಿದ್ದನ್ನು ಬರೆದುಕೊಳ್ಳುವವರು ಬೇಕಷ್ಟೆ.

ಸೊಲ್ಲಾಪುರಕ್ಕೆ ಅಳೆಯುವ ಕೆಲಸ ಹೊಸದಲ್ಲ. 1930ರ ದಶಕದಲ್ಲಿ ಒಣ ಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ಐದು ಕೇಂದ್ರಗಳು ಶುರುವಾದವು: ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹ್ಟಕ್. ಐದರಲ್ಲಿ ನಾಲ್ಕು ಈ ನಮ್ಮ ಎರೆನೆಲದ್ದು. ಮಳೆ ಎಷ್ಟು ಬಿತ್ತು, ಎಷ್ಟು ಹರಿದುಹೋಯಿತು, ಮಣ್ಣಿನಲ್ಲಿ ಎಷ್ಟು ಉಳಿಯಿತು ಎಂದು ಮಣ್ಣು ತೂಗಿ, ಒಣಗಿಸಿ, ಮತ್ತೆ ತೂಗಿ ನೋಡಿದ ಊರು ಇದು. ಆ ಒಲೆಯೂ ತಕ್ಕಡಿಯೂ ಹುಲ್ಲಿಗೂ ನಡೆಯುತ್ತವೆ. ಇಂದು ರಾಹುರಿ ಕೃಷಿ ವಿಶ್ವವಿದ್ಯಾಲಯದ ಅಡಿಯಲ್ಲಿರುವ ಈ ಕೇಂದ್ರ, ಸೊಲ್ಲಾಪುರ ವಿಶ್ವವಿದ್ಯಾಲಯ, ಅರಣ್ಯ ಇಲಾಖೆ ಮೂರೂ ಕೂಡಿದರೆ ಫೆಬ್ರುವರಿಯಿಂದ ಮೇವರೆಗೆ ವಾರಕ್ಕೊಮ್ಮೆ ಹತ್ತಾರು ಮಡ್ಡಿಗಳ ಹುಲ್ಲು ತೂಗುವುದು ಕಷ್ಟದ ಕೆಲಸವಲ್ಲ, ದೊಡ್ಡ ಖರ್ಚಿನದೂ ಅಲ್ಲ.

ಒಂದು ವರ್ಷ ಅಳೆದು ಬಿಟ್ಟರೆ ಸಾಲದು. ಮುದುಮಲೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರಿನ ಒಂದು ತಾಕು ಗುರುತಿಸಿ, ಬೆರಳು ಗಾತ್ರದ ಗಿಡದಿಂದ ಹಿಡಿದು ಪ್ರತಿಯೊಂದಕ್ಕೂ ಸಂಖ್ಯೆ ಕೊಟ್ಟು ಅಳೆಯುತ್ತ ಬಂದಿದ್ದಾರೆ. ಯಾವ ವರ್ಷ ಎಲ್ಲಿ ಸುಟ್ಟಿತು, ಸುಟ್ಟ ಮೇಲೆ ಯಾವುದು ಸತ್ತಿತು, ಯಾವುದು ಚಿಗುರಿತು ಎಂಬುದಕ್ಕೆ ಅಲ್ಲಿ ಲೆಕ್ಕವಿದೆ. ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಿ 1954ರಿಂದ ಕೆಲವು ತಾಕುಗಳನ್ನು ಪ್ರತಿವರ್ಷ, ಕೆಲವನ್ನು ವರ್ಷ ಬಿಟ್ಟು ವರ್ಷ ಸುಟ್ಟು, ಕೆಲವನ್ನು ಸುಡದೇ ಬಿಟ್ಟು ನೋಡುತ್ತಿದ್ದಾರೆ. ದಖ್ಖನಿನ ಹುಲ್ಲಿಗೂ ಅಂಥ ತಾಕು ಬೇಕು. ನಮ್ಮ ಮಡ್ಡಿ ಎಷ್ಟು ವರ್ಷಕ್ಕೊಮ್ಮೆ, ಯಾವ ತಿಂಗಳಲ್ಲಿ ಬೆಂಕಿ ತಾಳುತ್ತದೆ ಎಂಬುದನ್ನು ಬಾಯಿಮಾತಿನಲ್ಲಿ ತೀರ್ಮಾನಿಸಲಾಗದು.

ತಾಳುತ್ತದೆ ಎಂಬ ಮಾತನ್ನು ತಿಳಿದೇ ಬರೆದಿದ್ದೇವೆ. ಎಲ್ಲ ಬೆಂಕಿಯೂ ಕೆಟ್ಟದ್ದಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಂಗಾಮಿನ ಮೊದಲಲ್ಲೇ, ಇಬ್ಬನಿಯ ತೇವ ಇರುವಾಗಲೇ ತರಗು ಬೆಂಕಿ ಹಾಕುತ್ತಿದ್ದರು. ಅದು ನೆಲ ಸವರಿ ಹೋಗುವ ತಣ್ಣನೆಯ ಬೆಂಕಿ. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ ನೋಡಿದ ತಾಕುಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ ಲಂಟಾನಾ ಕಳೆ ಹೊಕ್ಕ ತಾಕುಗಳು ಸುಮಾರು ಇಮ್ಮಡಿಯಾಗಿದ್ದವು. ಸಣ್ಣ ಬೆಂಕಿ ನಿಲ್ಲಿಸಿದ ಕಡೆ ದೊಡ್ಡ ಬೆಂಕಿಗೆ ಉರುವಲು ಕೂಡಿತು ಎಂಬುದು ಸೋಲಿಗರ ಮಾತು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಹೊಸ ಚಿಗುರಿಗಾಗಿ ಮಡ್ಡಿಗೆ ಕಿಚ್ಚು ಹಚ್ಚುವ ಕುರುಬನನ್ನು ಕಳ್ಳನಂತೆ ನೋಡುವ ಮೊದಲು ಈ ಪಾಠ ನೆನಪಿರಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮಿನಂತೆ ಅಭಯಾರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ, ಅದು ಇರಬೇಕಾದದ್ದೇ. ಆದರೆ ಏಪ್ರಿಲ್ಲಿನ ನಡುಮಧ್ಯಾಹ್ನ ಹತ್ತಿದ ಬೆಂಕಿಯೂ, ಕಿಚ್ಚು ದಾಟದಿರಲೆಂದು ಡಿಸೆಂಬರಿನ ಸಂಜೆ ಇಲಾಖೆಯೇ ನಿಂತು ಸುಟ್ಟ ಬೆಂಕಿ ರೇಖೆಯೂ ಒಂದೇ ಅಲ್ಲ.

ಮರ ನೆಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರಿಗೂ ಒಂದು ಮಾತು. ಮಹಾರಾಷ್ಟ್ರ ಸರ್ಕಾರ 2016ರಲ್ಲಿ 2 ಕೋಟಿ, 2017ರಲ್ಲಿ 4 ಕೋಟಿ, 2018ರಲ್ಲಿ 13 ಕೋಟಿ, 2019ರಲ್ಲಿ 33 ಕೋಟಿ ಸಸಿ ನೆಡುವ ಗುರಿ ಇಟ್ಟುಕೊಂಡಿತು. ಇಂಥ ಗುರಿ ಮುಟ್ಟಲು ಹೊರಟಾಗ ಮೊದಲು ಕಣ್ಣಿಗೆ ಬೀಳುವುದು ಖಾಲಿ ಕಾಣುವ ಹುಲ್ಲುಗಾವಲೇ. ರಾಣೆಬೆನ್ನೂರಿನಲ್ಲಿ ನೀಲಗಿರಿ ನೆಟ್ಟು ಎರೆಭೂತದ ಬಯಲನ್ನು ಕಳೆದುಕೊಂಡ ಕರ್ನಾಟಕದವರಿಗೆ ಇದರ ಬೆಲೆ ಗೊತ್ತಿದೆ. ಹುಲ್ಲಿನ ನಡುವೆ ಸಾಲು ಸಸಿ ನೆಟ್ಟು, ಸುತ್ತ ಬೇಲಿ ಹಾಕಿ, ಮೇಯಿಸುವುದನ್ನು ನಿಲ್ಲಿಸಿದರೆ ಏನಾಗುತ್ತದೆ? ಹುಲ್ಲು ಆಳೆತ್ತರ ನಿಂತು ಒಣಗುತ್ತದೆ. ಸಸಿಗೂ ಹುಲ್ಲಿಗೂ ಕೂಡಿಯೇ ಬೆಂಕಿ ಬೀಳುತ್ತದೆ.

ಹುಲ್ಲಿನ ಬೆಂಕಿ ಊರಿಗೆ ಏನೂ ಮಾಡದು ಎಂದು ನಂಬಿದ್ದ ಇನ್ನೊಂದು ನಾಡಿನ ಕತೆ ನೆನಪಿಸಬೇಕು. ಹವಾಯಿಯ ಮಾವಿ ದ್ವೀಪದಲ್ಲಿ ನೂರಕ್ಕೂ ಹೆಚ್ಚು ವರ್ಷ ಕಬ್ಬು, ಅನಾನಸು ಬೆಳೆದ ಹೊಲಗಳನ್ನು ಕಂಪನಿಗಳು ಬಿಟ್ಟುಹೋದ ಮೇಲೆ ಅಲ್ಲಿ ಪರದೇಶದ ಹುಲ್ಲು ಬೆಳೆದು ನಿಂತಿತು. 2023ರ ಆಗಸ್ಟ್ 8ರಂದು ಬಿರುಗಾಳಿಯ ನಡುವೆ ಆ ಹುಲ್ಲಿಗೆ ಬೆಂಕಿ ಹತ್ತಿ ಲಾಹೈನಾ ಪಟ್ಟಣವನ್ನು ಸುಟ್ಟಿತು. 100ಕ್ಕೂ ಹೆಚ್ಚು ಜನ ಸತ್ತರು. ಊರಿನ ಎಚ್ಚರಿಕೆಯ ಸೈರನ್ ಅಂದು ಮೊಳಗಲೇ ಇಲ್ಲ. ಅಲ್ಲಿನಂಥ ಬಿರುಗಾಳಿ ನಮ್ಮಲ್ಲಿಲ್ಲ. ಆದರೆ ಕಬ್ಬಿನ ರವದಿ, ಬೀಳು ಬಿಟ್ಟ ಹೊಲ, ಒಣಹುಲ್ಲು ಮತ್ತು ಊರ ಅಂಚಿನ ಕಣಿಕೆ ಬಣವೆ ಒಂದಕ್ಕೊಂದು ತಾಗಿ ನಿಂತಿರುವುದು ನಮ್ಮಲ್ಲೂ ಇದೆ. ವರ್ಷದ ಮೇವು ಒಂದೇ ಬಣವೆಯಲ್ಲಿರುವ ಮನೆಗೆ ಅದು ಸುಟ್ಟರೆ ಮಾರನೆಯ ದಿನ ದನ ಸಂತೆಗೆ ಹೋಗುತ್ತದೆ.

ಎಚ್ಚರಿಕೆ ಯಾವ ಮಾತಿನಲ್ಲಿ ಬರುತ್ತದೆ ಎಂಬುದು ಅಕ್ಕಲಕೋಟೆ ತಾಲ್ಲೂಕಿನಲ್ಲಿ ದೊಡ್ಡ ಪ್ರಶ್ನೆ. ಮೈಂದರ್ಗಿ, ದುಧನಿ, ನಾಗಣಸೂರ, ವಾಗದರಿ, ಕರಜಗಿ ಕಡೆ ಮನೆಯ ಮಾತು ಕನ್ನಡ. ಇಲಾಖೆಯ ಸಂದೇಶ ಬರುವುದು ಮರಾಠಿಯಲ್ಲಿ, ಇಲ್ಲವೇ ಅಕ್ಷಾಂಶ ರೇಖಾಂಶಗಳ ಇಂಗ್ಲಿಷಿನಲ್ಲಿ. ಇಲ್ಲಿನವರಿಗೆ ಮರಾಠಿ ತಿಳಿಯುತ್ತದೆ, ಆ ಬಗ್ಗೆ ಜಗಳವಿಲ್ಲ. ಆದರೆ ಹೊಗೆ ಕಂಡ ಮುದುಕಿ ಓಡಿಬಂದು ಹೇಳುವುದು ಕನ್ನಡದಲ್ಲಿ, ಅವಳಿಗೆ ಮೊದಲೇ ಹೇಳಬೇಕಾದದ್ದೂ ಕನ್ನಡದಲ್ಲೇ. ಗಡಿಯ ಬಗ್ಗೆ ಎಷ್ಟೋ ವರ್ಷ ವಾದ ಮಾಡಿದ್ದೇವೆ. ಅಕ್ಕಲಕೋಟೆಯ ಮಡ್ಡಿಗೆ ಹತ್ತಿದ ಕಿಚ್ಚು ಆಳಂದ, ಅಫಜಲಪುರದ ಬದುವಿನಲ್ಲಿ ನಿಂತು ರಾಜ್ಯ ಕೇಳುವುದಿಲ್ಲ. ಎರಡೂ ಕಡೆಯ ಅರಣ್ಯ ಅಧಿಕಾರಿಗಳು, ತಹಸೀಲ್ದಾರರು ಒಬ್ಬರಿಗೊಬ್ಬರು ನೇರವಾಗಿ ಫೋನ್ ಮಾಡುವ ಒಂದು ಪಟ್ಟಿ ಈ ತಿಂಗಳೇ ಆಗಬೇಕು.

ಹೇಳುವ ಜಾಗಗಳನ್ನು ಹಿರಿಯರೇ ಮಾಡಿಟ್ಟಿದ್ದಾರೆ. ದೀಪಾವಳಿ ಅಮಾವಾಸ್ಯೆಗೆ ಮಂಗಳವೇಢಾ ತಾಲ್ಲೂಕಿನ ಹುಲಜಂತಿಯಲ್ಲಿ ಮಾಳಿಂಗರಾಯನ ಜಾತ್ರೆಗೆ ಎರಡೂ ರಾಜ್ಯದ ಕುರುಬರು ಸೇರುತ್ತಾರೆ. ಬೆಂಕಿಯ ಹಂಗಾಮು ಶುರುವಾಗುವುದೂ ಅದರ ಆಸುಪಾಸಿನಲ್ಲೇ, ನವೆಂಬರಿನಲ್ಲಿ. ಆ ವರ್ಷದ ಹುಲ್ಲು ಹೇಗಿದೆ, ಎಲ್ಲಿ ಮೇಯಿಸಿ ಉರುವಲು ಇಳಿಸಬೇಕು, ಎಲ್ಲಿ ಬೆಂಕಿ ರೇಖೆ ಬೇಕು ಎಂದು ಕೂತು ಮಾತಾಡಲು ಇದಕ್ಕಿಂತ ಒಳ್ಳೆಯ ಸಭೆ ಯಾವುದು? ಸಂಕ್ರಾಂತಿಗೆ ಸೊಲ್ಲಾಪುರದಲ್ಲಿ ಸಿದ್ಧರಾಮನ ಗಡ್ಡಾ ಜಾತ್ರೆ. ಹೋಮ ಮೈದಾನಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಕೆರೆ ಕಟ್ಟಿಸಿ ನೀರು ಕಾದವನ ಜಾತ್ರೆಯಲ್ಲಿ ಹುಲ್ಲು ಕಾಯುವ ಮಾತು ಹೊರಗಿನದಾಗದು. ಈ ಹಂಗಾಮಿನಲ್ಲಿ ಆ ಎರಡೂ ಜಾತ್ರೆ ಕಳೆದಿವೆ. ಇನ್ನುಳಿದದ್ದು ಊರೂರಿನ ಸಂತೆ, ಶಾಲೆ, ಗುಡಿಯ ಮೈಕು.

ಆದ್ದರಿಂದ ಕೇಳುತ್ತೇವೆ. ಅರಣ್ಯ ಇಲಾಖೆ ಫೆಬ್ರುವರಿ ಮುಗಿಯುವುದರೊಳಗೆ ನಾನ್ನಜ ಮತ್ತು ಸುತ್ತಲ ಮಡ್ಡಿಗಳ ಹುಲ್ಲು ತೂಗಿಸಲಿ, ಫಲಿತಾಂಶವನ್ನು ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಮರಾಠಿ, ಕನ್ನಡ ಎರಡರಲ್ಲೂ ಬರೆಸಲಿ. ಗಾಯರಾಣದ ಬೆಂಕಿಗೆ ಯಾರು ಹೊಣೆ ಎಂದು ಜಿಲ್ಲಾಧಿಕಾರಿಗಳು ಒಂದು ಆದೇಶದಲ್ಲಿ ಹೇಳಲಿ. ಸಕ್ಕರೆ ಕಾರ್ಖಾನೆಗಳು ಮಡ್ಡಿಗೆ ತಾಗಿದ ಗದ್ದೆಗಳ ರವದಿಯನ್ನು ಸುಡದೆ ಮಣ್ಣಿಗೆ ಸೇರಿಸಲು ಯಂತ್ರ ಕೊಡಲಿ. ರೈತ ಬಂಧುಗಳು ಸುಡಲೇಬೇಕಾದರೆ ಮಧ್ಯಾಹ್ನ ಬಿಟ್ಟು ಬೆಳಿಗ್ಗೆ, ಗಾಳಿ ಇಲ್ಲದಾಗ, ಪಕ್ಕದವರಿಗೆ ಹೇಳಿ, ಬದುವಿನ ಹುಲ್ಲು ಕೆತ್ತಿ, ನೀರು ಇಟ್ಟುಕೊಂಡು, ಆರುವವರೆಗೆ ನಿಂತು ಸುಡಲಿ.

ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926. ಹೊಗೆ ಕಂಡರೆ ಯಾರ ಜಮೀನು ಎಂದು ಯೋಚಿಸದೆ ಆ ಸಂಖ್ಯೆಗೆ ಫೋನ್ ಮಾಡಿ. ಊರಿನ ಹೆಸರು, ಊರಿನಿಂದ ಯಾವ ದಿಕ್ಕು, ಗಾಳಿ ಯಾವ ಕಡೆ ಬೀಸುತ್ತಿದೆ, ಈ ಮೂರನ್ನು ಮೊದಲು ಹೇಳಿ.